ಚರಿತ್ರೆಗೆ ಮೀಸಲಾದ ಒಂದು ತಿಂಗಳು

ಒಂದು ಜನಸಮುದಾಯವು ತನ್ನ ಹಿಂದಿನವರನ್ನು ನೆನೆಯುವುದಕ್ಕಾಗಿ ವರ್ಷದಲ್ಲಿ ಕೆಲವು ದಿನಗಳನ್ನು ಗೊತ್ತುಮಾಡಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಪದ್ಧತಿ. ಜಯಂತಿಗಳು, ಪುಣ್ಯತಿಥಿಗಳು, ನಾಡಹಬ್ಬಗಳು ಎಲ್ಲವೂ ಹೀಗೆಯೇ ಬಂದವು. ಕರ್ನಾಟಕದ ಗಡಿಯಿಂದಾಚೆಗೆ ನೆಲಸಿರುವ ನಾವೂ ನವೆಂಬರ್ ೧ರಂದು ನಮ್ಮ ಶಾಲೆಗಳಲ್ಲಿಯೂ ಸಂಘಗಳಲ್ಲಿಯೂ ಕನ್ನಡದ ಹಿರಿಯರನ್ನು ನೆನೆಯುತ್ತೇವೆ. ಈ ನೆನಪು ನಮಗೆ ಬಂದಿರುವ ದಾರಿ ಸಹಜವಾದದ್ದು. ತಾಯಿಯಿಂದ ಮಗುವಿಗೆ ಮಾತು ಬರುತ್ತದೆ. ಅಜ್ಜಿಯಿಂದ ಮೊಮ್ಮಕ್ಕಳಿಗೆ ಕಥೆ ಬರುತ್ತದೆ. ಊರ ಜಾತ್ರೆಯಿಂದ ಹಾಡು ಬರುತ್ತದೆ. ಶಾಲೆಯು ಕಲಿಸದಿದ್ದರೂ ಮನೆಯು ಅಷ್ಟಿಷ್ಟು ಕಲಿಸುತ್ತದೆ. ಆದರೆ ತಮ್ಮಂಥವರು ಹಿಂದೆಯೂ ಇದ್ದರೆಂದು ಮನೆಯಲ್ಲಿ ಹೇಳುವವರೇ ಇಲ್ಲದ ಜನರೂ ಲೋಕದಲ್ಲಿ ಉಂಟು. ಅವರು ತಮ್ಮ ಚರಿತ್ರೆಯನ್ನು ಯಾರಿಂದ ತಿಳಿಯಬೇಕು? ಈ ಪ್ರಶ್ನೆಗೆ ಕೆಲವು ದೇಶಗಳ ಶಾಲಾ ಉಪಾಧ್ಯಾಯರು ಕೊಟ್ಟ ಉತ್ತರವೇ ಈ ಲೇಖನದ ವಿಷಯ.

ಎಲ್‌ಜಿಬಿಟಿ ಎಂಬ ಹೆಸರನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಕಂಡಿರಬಹುದು. ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್ ಎಂಬ ನಾಲ್ಕು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಮಾಡಿದ್ದಾರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು, ಇಬ್ಬರಲ್ಲಿ ಯಾರನ್ನಾದರೂ ಪ್ರೀತಿಸಬಲ್ಲವರು, ಹುಟ್ಟಿದಾಗ ಇತರರು ಹೇಳಿದ ಲಿಂಗವು ತಮ್ಮದಲ್ಲವೆಂದು ಅರಿತು ಬೇರೆಯಾಗಿ ಬಾಳುವವರು, ಇವರೆಲ್ಲರೂ ಅದರಲ್ಲಿ ಸೇರುತ್ತಾರೆ. ಕನ್ನಡದಲ್ಲಿ ಇವರನ್ನು ಒಟ್ಟಾಗಿ ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತರೆಂದು ಕರೆಯುವ ವಾಡಿಕೆ ಬಂದಿದೆ. ಇವರ ಚರಿತ್ರೆಯ ಅಭ್ಯಾಸಕ್ಕೆಂದು ಅಮೆರಿಕಾದಲ್ಲಿ ಅಕ್ಟೋಬರ್ ತಿಂಗಳನ್ನೂ ಬ್ರಿಟನ್ನಿನಲ್ಲಿ ಫೆಬ್ರವರಿ ತಿಂಗಳನ್ನೂ ಮೀಸಲಿಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಹಲವು ನಗರಗಳಲ್ಲಿ ನಡೆಯುವ ಮೆರವಣಿಗೆಗಳು ಬೇರೆ. ೧೯೬೯ರ ಜೂನ್ ೨೮ರಂದು ನ್ಯೂಯಾರ್ಕ್ ನಗರದ ಸ್ಟೋನ್‌ವಾಲ್ ಎಂಬ ಪಾನಗೃಹದಲ್ಲಿ ಜನರು ಪೊಲೀಸರ ದಾಳಿಗೆ ಎದುರು ನಿಂತರು. ಅದರ ನೆನಪಿಗಾಗಿ ಮರುವರ್ಷದಿಂದ ಮೆರವಣಿಗೆಗಳು ಮೊದಲಾದವು. ಮೆರವಣಿಗೆಯು ಬೀದಿಗೆ ಸೇರಿದ್ದು. ನಾವು ಇಲ್ಲಿ ಹೇಳಹೊರಟಿರುವ ತಿಂಗಳು ತರಗತಿಗೂ ಗ್ರಂಥಾಲಯಕ್ಕೂ ಸೇರಿದ್ದು.

ಚರಿತ್ರೆಗೆಂದು ವರ್ಷದಲ್ಲಿ ಕಾಲವನ್ನು ಮೀಸಲಿಡುವ ಉಪಾಯಕ್ಕೆ ಅಮೆರಿಕಾದಲ್ಲಿ ಒಂದು ಮೇಲ್ಪಂಕ್ತಿ ಮೊದಲೇ ಇತ್ತು. ಗುಲಾಮಗಿರಿಯಲ್ಲಿ ಬಾಳಿದ್ದ ತಂದೆತಾಯಿಗಳ ಮಗನಾದ ಕಾರ್ಟರ್ ವುಡ್‌ಸನ್ ಎಂಬವರು ಎಳೆಯ ವಯಸ್ಸಿನಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಬಳಿಕ ಉಪಾಧ್ಯಾಯರಾಗಿ, ೧೯೧೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಚರಿತ್ರೆಯಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ತಮ್ಮ ಜನರು ಮಾಡಿದ ಕೆಲಸವು ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಕಂಡ ಅವರು ೧೯೨೬ರ ಫೆಬ್ರವರಿಯಲ್ಲಿ ಕಪ್ಪು ಜನರ ಚರಿತ್ರೆಯ ವಾರವನ್ನು ಆರಂಭಿಸಿದರು. ಅಬ್ರಹಾಂ ಲಿಂಕನ್ನರ ಜನ್ಮದಿನವಾದ ಫೆಬ್ರವರಿ ೧೨ನ್ನೂ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ಸರ ಜನ್ಮದಿನವೆಂದು ಆಚರಿಸಲಾಗುತ್ತಿದ್ದ ಫೆಬ್ರವರಿ ೧೪ನ್ನೂ ಒಳಗೊಳ್ಳುವಂತೆ ಆ ವಾರವನ್ನು ಆರಿಸಿದರು. ಐವತ್ತು ವರ್ಷಗಳ ತರುವಾಯ, ೧೯೭೬ರಲ್ಲಿ, ವಾರವು ತಿಂಗಳಾಗಿ ಬೆಳೆಯಿತು. ಮಹಿಳೆಯರ ಚರಿತ್ರೆಗೂ ೧೯೮೭ರಿಂದ ಮಾರ್ಚ್ ತಿಂಗಳು ಮೀಸಲಾಯಿತು.

ಈ ಮೇಲ್ಪಂಕ್ತಿಯನ್ನು ಹಿಡಿದು ನಡೆದವರು ಮಿಸ್ಸೂರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದ ಹತ್ತಿರವಿರುವ ಮೆಹ್ಲ್‌ವಿಲ್ ಪ್ರೌಢಶಾಲೆಯಲ್ಲಿ ಚರಿತ್ರೆಯ ಉಪಾಧ್ಯಾಯರಾಗಿದ್ದ ರಾಡ್ನಿ ವಿಲ್ಸನ್ ಎಂಬವರು. ೧೯೯೪ರ ಮಾರ್ಚ್ ತಿಂಗಳಲ್ಲಿ ಅವರು ತರಗತಿಯಲ್ಲಿ ನಾಜಿ ಜರ್ಮನಿಯ ಸೆರೆಶಿಬಿರಗಳ ಪಾಠವನ್ನು ಹೇಳುತ್ತಿದ್ದರು. ಆ ಶಿಬಿರಗಳಲ್ಲಿ ಕೈದಿಗಳ ಬಟ್ಟೆಗೆ ಬಣ್ಣಬಣ್ಣದ ಗುರುತುಗಳನ್ನು ಹೊಲಿಯುತ್ತಿದ್ದರು. ಯೆಹೂದ್ಯರಿಗೆ ಹಳದಿಯ ನಕ್ಷತ್ರ, ರಾಜಕೀಯ ಕೈದಿಗಳಿಗೆ ಕೆಂಪು ತ್ರಿಕೋಣ, ಗಂಡನ್ನು ಪ್ರೀತಿಸಿದ ಗಂಡಸರಿಗೆ ಗುಲಾಬಿ ಬಣ್ಣದ ತ್ರಿಕೋಣ. ಈ ಗುರುತುಗಳನ್ನು ವಿವರಿಸುತ್ತ ವಿಲ್ಸನ್ನರು, ತಾವು ಆ ಕಾಲದಲ್ಲಿ ಆ ದೇಶದಲ್ಲಿ ಇದ್ದಿದ್ದರೆ ತಮಗೂ ಗುಲಾಬಿ ತ್ರಿಕೋಣವೂ ಮರಣವೂ ಬರುತ್ತಿತ್ತೆಂಬ ಅರ್ಥದ ಮಾತನ್ನು ವಿದ್ಯಾರ್ಥಿಗಳ ಮುಂದೆ ಆಡಿದರು.

ಈ ಮಾತಿನ ತೂಕವನ್ನು ಅರಿಯಬೇಕಾದರೆ ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು ಜರ್ಮನಿಯ ವೃತ್ತಾಂತ. ಜರ್ಮನ್ ಸಾಮ್ರಾಜ್ಯದ ೧೮೭೧ರ ದಂಡಸಂಹಿತೆಯಲ್ಲಿ ೧೭೫ನೆಯ ಕಲಮು ಗಂಡಸರೊಳಗಿನ ಸಂಬಂಧವನ್ನು ಅಪರಾಧವೆಂದು ಹೇಳಿತ್ತು. ಅದನ್ನು ತೆಗೆಸಬೇಕೆಂದು ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯರು ೧೮೯೭ರಲ್ಲಿ ಬರ್ಲಿನ್‌ನಲ್ಲಿ ಒಂದು ಸಮಿತಿಯನ್ನು ಸ್ಥಾಪಿಸಿದರು; ೧೯೧೯ರಲ್ಲಿ ಒಂದು ಸಂಶೋಧನಾಲಯವನ್ನೂ ಗ್ರಂಥಭಂಡಾರವನ್ನೂ ತೆರೆದರು. ೧೯೩೩ರ ಮೇ ೬ರಂದು ನಾಜಿ ವಿದ್ಯಾರ್ಥಿಗಳು ಅದನ್ನು ಸೂರೆಮಾಡಿದರು. ನಾಲ್ಕು ದಿನಗಳ ಬಳಿಕ ಬರ್ಲಿನ್ನಿನ ಚೌಕದಲ್ಲಿ ಉರಿಸಿದ ಪುಸ್ತಕಗಳ ರಾಶಿಯಲ್ಲಿ ಆ ಭಂಡಾರದ ಸಾವಿರಾರು ಪುಸ್ತಕಗಳೂ ಬೂದಿಯಾದವು. ೧೯೩೫ರಲ್ಲಿ ಕಲಮನ್ನು ಇನ್ನಷ್ಟು ಕಠಿಣಗೊಳಿಸಿದರು. ನಾಜಿ ಆಳಿಕೆಯಲ್ಲಿ ಸುಮಾರು ೫೦,೦೦೦ ಗಂಡಸರಿಗೆ ಶಿಕ್ಷೆಯಾಯಿತೆಂದೂ, ೫,೦೦೦ದಿಂದ ೧೫,೦೦೦ ಮಂದಿಯನ್ನು ಶಿಬಿರಗಳಿಗೆ ಕಳುಹಿಸಿದರೆಂದೂ ಚರಿತ್ರಕಾರರು ಅಂದಾಜು ಮಾಡಿದ್ದಾರೆ. ಯುದ್ಧವು ಮುಗಿದು ಶಿಬಿರಗಳ ಬಾಗಿಲು ತೆರೆದರೂ ಇವರ ಮೇಲಿನ ಕಲಮು ತೆರವಾಗಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ ಅದು ೧೯೬೯ರ ತನಕ ನಾಜಿಗಳು ಬರೆದ ರೂಪದಲ್ಲಿಯೇ ಉಳಿಯಿತು. ಶಿಬಿರದಿಂದ ಬದುಕಿ ಬಂದವನು ತನ್ನ ಕಷ್ಟವನ್ನು ಹೇಳಿಕೊಂಡರೆ ಮತ್ತೆ ಸೆರೆಮನೆಯ ಬಾಗಿಲನ್ನು ತಟ್ಟಿದಂತಾಗುತ್ತಿತ್ತು. ಹೀಗಾಗಿ ಅನೇಕರು ಏನನ್ನೂ ಹೇಳದೆ ತೀರಿಕೊಂಡರು. ಕಲಮು ಪೂರ್ತಿಯಾಗಿ ರದ್ದಾದದ್ದು ೧೯೯೪ರಲ್ಲಿ, ಎಂದರೆ ವಿಲ್ಸನ್ನರು ಪಾಠ ಹೇಳಿದ ವರ್ಷದಲ್ಲಿಯೇ.

ಎರಡನೆಯದು ಉಪಾಧ್ಯಾಯರ ಸ್ಥಿತಿ. ಅಮೆರಿಕಾದಲ್ಲಿ ೧೯೫೩ರ ಅಧ್ಯಕ್ಷರ ಆಜ್ಞೆಯೊಂದರ ಮೇರೆಗೆ ಇಂಥವರನ್ನು ಸರಕಾರಿ ಕೆಲಸಗಳಿಂದ ತೆಗೆದುಹಾಕುತ್ತಿದ್ದರು. ಖಗೋಳಶಾಸ್ತ್ರಜ್ಞರಾದ ಫ್ರಾಂಕ್ ಕಾಮೆನಿ ಅವರನ್ನು ಸೈನ್ಯದ ನಕಾಶೆ ಇಲಾಖೆಯಿಂದ ೧೯೫೭ರಲ್ಲಿ ವಜಾಮಾಡಿದರು. ಸರಕಾರವು ಅವರ ಕ್ಷಮೆಯನ್ನು ಕೇಳಿದ್ದು ೨೦೦೯ರಲ್ಲಿ. ೧೯೭೮ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಇಂತಹ ಉಪಾಧ್ಯಾಯರನ್ನು ಶಾಲೆಗಳಿಂದ ಹೊರಹಾಕಬೇಕೆಂಬ ಪ್ರಸ್ತಾವವು ಜನರ ಮತಕ್ಕೆ ಬಂದಿತು. ಸ್ಯಾನ್ ಫ್ರಾನ್ಸಿಸ್ಕೋ ನಗರಸಭೆಯ ಸದಸ್ಯರಾದ ಹಾರ್ವಿ ಮಿಲ್ಕ್ ಮೊದಲಾದವರು ಅದನ್ನು ಎದುರಿಸಿ ಊರೂರು ತಿರುಗಿದರು; ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ನರೂ ಅದು ಬೇಡವೆಂದರು. ನವೆಂಬರ್ ೭ರಂದು ಪ್ರಸ್ತಾವವು ಸೋತಿತು. ಅದೇ ತಿಂಗಳ ೨೭ರಂದು ಮಿಲ್ಕರು ಕೊಲೆಯಾದರು. ಇಂತಿರಲು ೧೯೯೪ರಲ್ಲಿ ಸಣ್ಣ ಊರಿನ ಉಪಾಧ್ಯಾಯರೊಬ್ಬರು ತರಗತಿಯಲ್ಲಿ ತಮ್ಮ ನಿಜವನ್ನು ಹೇಳುವುದೆಂದರೆ ತಮ್ಮ ಅನ್ನವನ್ನೇ ಪಣವಾಗಿಟ್ಟಂತೆ. ಇಂತಹ ಕಾರಣದಿಂದ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟದ್ದು ೨೦೨೦ರ ಜೂನ್ ೧೫ರಂದು.

ವಿಲ್ಸನ್ನರು ತಮ್ಮೊಬ್ಬರ ಮಾತಿಗೆ ನಿಲ್ಲಲಿಲ್ಲ. ಅದೇ ವರ್ಷ ಕೆವಿನ್ ಜೆನಿಂಗ್ಸ್ ಎಂಬ ಇನ್ನೊಬ್ಬ ಉಪಾಧ್ಯಾಯರನ್ನೂ, ಷಿಕಾಗೋ ನಗರದ ಗರ್ಬರ್ ಹಾರ್ಟ್ ಗ್ರಂಥಾಲಯದವರನ್ನೂ, ಇತರ ಕೆಲವರನ್ನೂ ಕೂಡಿಸಿಕೊಂಡು ಒಂದು ಚರಿತ್ರೆಯ ತಿಂಗಳನ್ನು ಸಾರಿದರು. ಅಕ್ಟೋಬರನ್ನು ಏತಕ್ಕೆ ಆರಿಸಿದರೆಂದರೆ, ಆಗ ಅಲ್ಲಿ ಶಾಲೆಗಳು ನಡೆಯುತ್ತಿರುತ್ತವೆ. ೧೯೭೯ರ ಅಕ್ಟೋಬರ್ ೧೪ರಂದು ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಈ ಜನರ ಮೊದಲ ರಾಷ್ಟ್ರೀಯ ನಡಿಗೆ ನಡೆದಿತ್ತು. ೧೯೮೮ರಿಂದ ಅಕ್ಟೋಬರ್ ೧೧ನ್ನು, ತಮ್ಮ ನಿಜವನ್ನು ಬಚ್ಚಿಡದೆ ಹೇಳುವ ದಿನವೆಂದು ಆಚರಿಸುತ್ತಿದ್ದರು. ೧೯೯೫ರಲ್ಲಿ ಆ ದೇಶದ ಉಪಾಧ್ಯಾಯರ ದೊಡ್ಡ ಸಂಘವಾದ ರಾಷ್ಟ್ರೀಯ ಶಿಕ್ಷಣ ಸಂಘವು ಈ ತಿಂಗಳಿಗೆ ತನ್ನ ಸಮ್ಮತಿಯನ್ನು ಕೊಟ್ಟಿತು. ಅದರೊಡನೆಯೇ ವಿರೋಧವೂ ಎದ್ದಿತು. ೨೦೦೬ರಿಂದ ಫಿಲಡೆಲ್ಫಿಯಾ ನಗರದ ಸಂಸ್ಥೆಯೊಂದು ಅಕ್ಟೋಬರಿನ ಮೂವತ್ತೊಂದು ದಿನಗಳಿಗೆ ಮೂವತ್ತೊಂದು ವ್ಯಕ್ತಿಗಳನ್ನು ಆರಿಸಿ, ದಿನಕ್ಕೊಬ್ಬರ ಜೀವನವನ್ನು ಪರಿಚಯಿಸುವ ಪದ್ಧತಿಯನ್ನು ತಂದಿತು. ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೧ರಲ್ಲಿ ಕಾಯಿದೆಯನ್ನು ಮಾಡಿ, ಸಮಾಜಪಾಠದಲ್ಲಿ ಈ ಜನರ ಕೊಡುಗೆಯನ್ನೂ ಹೇಳಬೇಕೆಂದು ವಿಧಿಸಿತು.

ಇನ್ನು ಬ್ರಿಟನ್ನಿನ ಕಡೆಗೆ ನೋಡೋಣ. ಅಲ್ಲಿಯ ಫೆಬ್ರವರಿ ತಿಂಗಳಿಗೆ ಹಿನ್ನೆಲೆಯಾದದ್ದು ಶಾಲೆಗಳ ಬಾಯಿಯನ್ನು ಕಟ್ಟಿದ ಒಂದು ಕಾಯಿದೆ. ಒಂದು ಹೆಣ್ಣು ಮಗು ತನ್ನ ತಂದೆಯೊಡನೆಯೂ ಅವನ ಸಂಗಾತಿಯೊಡನೆಯೂ ಬಾಳುವುದನ್ನು ಹೇಳುವ, ಡೇನಿಷ್ ಭಾಷೆಯಿಂದ ಬಂದ ಮಕ್ಕಳ ಪುಸ್ತಕವೊಂದು ಲಂಡನ್ನಿನ ಶಿಕ್ಷಣಾಧಿಕಾರಿಗಳ ಸಂಗ್ರಹದಲ್ಲಿದೆ ಎಂಬ ಸುದ್ದಿಯಿಂದ ೧೯೮೬ರಲ್ಲಿ ದೊಡ್ಡ ಗಲಭೆಯಾಯಿತು. ಅದರ ಫಲವಾಗಿ ೧೯೮೮ರ ಸ್ಥಳೀಯ ಆಡಳಿತ ಕಾಯಿದೆಯಲ್ಲಿ ೨೮ನೆಯ ಕಲಮು ಸೇರಿತು. ಸ್ಥಳೀಯ ಆಡಳಿತಗಳು ಸಲಿಂಗಪ್ರೇಮಕ್ಕೆ ಪ್ರೋತ್ಸಾಹ ಕೊಡಕೂಡದು, ಅಂಥವರ ಸಂಸಾರವು ಒಪ್ಪತಕ್ಕದ್ದೆಂಬ ಬೋಧನೆಯನ್ನು ಶಾಲೆಗಳಲ್ಲಿ ಬೆಳೆಸಕೂಡದು ಎಂಬುದು ಅದರ ತಾತ್ಪರ್ಯ. ಈ ಕಲಮಿನ ಮೇರೆಗೆ ಒಬ್ಬರಿಗೂ ಶಿಕ್ಷೆಯಾಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಶಿಕ್ಷೆಯ ಅಗತ್ಯವೇ ಬೀಳಲಿಲ್ಲ. ಯಾವ ಮಾತು ಅಪರಾಧ, ಯಾವುದಲ್ಲ ಎಂಬುದು ಸ್ಪಷ್ಟವಾಗಿಲ್ಲದಿದ್ದಾಗ ಉಪಾಧ್ಯಾಯನು ಏನನ್ನೂ ಆಡದಿರುವುದನ್ನೇ ಕ್ಷೇಮವೆಂದು ತಿಳಿಯುತ್ತಾನೆ. ಒಬ್ಬ ಹುಡುಗನನ್ನು ಇತರರು ಸೇರಿ ಹೀಯಾಳಿಸುತ್ತಿದ್ದರೂ ನಡುವೆ ಬಾಯಿ ಹಾಕಲು ಅನೇಕ ಉಪಾಧ್ಯಾಯರು ಅಂಜಿದರು. ಹದಿನೈದು ವರ್ಷಗಳ ಕಾಲ ಈ ಮೌನವು ನಡೆಯಿತು. ಸ್ಕಾಟ್ಲೆಂಡಿನಲ್ಲಿ ೨೦೦೦ದಲ್ಲಿಯೂ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೦೩ರ ನವೆಂಬರಿನಲ್ಲಿಯೂ ಕಲಮು ರದ್ದಾಯಿತು.

ಕಾಯಿದೆಯು ಹೋದ ಮಾತ್ರಕ್ಕೆ ಅಂಜಿಕೆಯು ಹೋಗುವುದಿಲ್ಲವಷ್ಟೆ. ಅದನ್ನು ಅರಿತವರು ಸ್ಯೂ ಸ್ಯಾಂಡರ್ಸ್ ಮತ್ತು ಪಾಲ್ ಪ್ಯಾಟ್ರಿಕ್ ಎಂಬ ಇಬ್ಬರು ಉಪಾಧ್ಯಾಯರು. ೧೯೭೪ರಲ್ಲಿ ಉಪಾಧ್ಯಾಯರ ಕೂಟವಾಗಿ ಹುಟ್ಟಿ ಮುಂದೆ ಸ್ಕೂಲ್ಸ್ ಔಟ್ ಎಂಬ ಹೆಸರನ್ನು ತಳೆದ ಸಂಸ್ಥೆಯ ಮೂಲಕ ಅವರು ೨೦೦೫ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮೊದಲನೆಯ ಎಲ್‌ಜಿಬಿಟಿ ಚರಿತ್ರೆಯ ತಿಂಗಳನ್ನು ನಡೆಸಿದರು. ಆ ಬಳಿಕ ಅದು ಪ್ರತಿವರ್ಷವೂ ಶಾಲೆ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ನಡೆದುಬಂದಿದೆ.

ಅಂತಹ ತಿಂಗಳಲ್ಲಿ ಮಕ್ಕಳು ಏನನ್ನು ಕಲಿಯುತ್ತಾರೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ಗಣಿತಜ್ಞರಾದ ಆಲನ್ ಟ್ಯೂರಿಂಗ್ ೧೯೧೨ರ ಜೂನ್ ೨೩ರಂದು ಲಂಡನ್ನಿನಲ್ಲಿ ಜನಿಸಿದರು. ಅವರ ತಂದೆ ನಮ್ಮ ಹಳೆಯ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಮದರಾಸು ರೈಲ್ವೆಯ ಇಂಜಿನಿಯರು. ಕಾಸರಗೋಡು, ಬಳ್ಳಾರಿ, ಆದವಾನಿ, ನೀಲಗಿರಿಗಳೆಲ್ಲ ಅಂದು ಆ ಪ್ರಾಂತಕ್ಕೇ ಸೇರಿದ್ದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಎನಿಗ್ಮ ಎಂಬ ಯಂತ್ರದಿಂದ ಕಳುಹಿಸುತ್ತಿದ್ದ ಗುಪ್ತಸಂದೇಶಗಳನ್ನು ಬಿಡಿಸುವ ಕೆಲಸದಲ್ಲಿ ಟ್ಯೂರಿಂಗರು ಬ್ಲೆಚ್ಲಿ ಪಾರ್ಕಿನಲ್ಲಿ ಮುಖ್ಯ ಪಾತ್ರವನ್ನು ವಹಿಸಿದರು. ಇಂದಿನ ಗಣಕಯಂತ್ರಗಳ ತತ್ತ್ವಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಅವರೊಬ್ಬರು. ೧೯೫೨ರಲ್ಲಿ ಇನ್ನೊಬ್ಬ ಗಂಡಸಿನೊಡನೆ ಇದ್ದ ಸಂಬಂಧಕ್ಕಾಗಿ ನ್ಯಾಯಾಲಯವು ಅವರನ್ನು ಅಪರಾಧಿಯೆಂದಿತು. ಸೆರೆಮನೆಗೆ ಬದಲಾಗಿ ಔಷಧಿಯ ಚುಚ್ಚುಮದ್ದನ್ನು ಒಪ್ಪಿಕೊಳ್ಳಬೇಕಾಯಿತು. ೧೯೫೪ರ ಜೂನ್ ೭ರಂದು ಅವರು ವಿಷದಿಂದ ತೀರಿಕೊಂಡರು. ಆತ್ಮಹತ್ಯೆಯೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆಗ ಅವರ ವಯಸ್ಸು ನಲವತ್ತೊಂದು. ಅವರ ಯುದ್ಧಕಾಲದ ಕೆಲಸವು ೧೯೭೦ರ ದಶಕದ ತನಕ ಸರಕಾರದ ಗುಟ್ಟಾಗಿಯೇ ಇದ್ದಿತು. ಹೀಗೆ ದೇಶಕ್ಕೆ ಮಾಡಿದ ಉಪಕಾರವೂ ದೇಶವು ಮಾಡಿದ ಅಪಕಾರವೂ ಏಕಕಾಲದಲ್ಲಿ ಮರೆಯಾಗಿ ಉಳಿದವು. ೨೦೦೯ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನರು ಸರಕಾರದ ಪರವಾಗಿ ಕ್ಷಮೆ ಬೇಡಿದರು. ೨೦೧೩ರಲ್ಲಿ ರಾಣಿಯ ಕ್ಷಮಾಪತ್ರವು ಹೊರಟಿತು. ೨೦೨೧ರ ಜೂನ್ ೨೩ರಂದು ಅವರ ಚಿತ್ರವುಳ್ಳ ೫೦ ಪೌಂಡಿನ ನೋಟು ಚಲಾವಣೆಗೆ ಬಂದಿತು. ಈ ಒಂದು ಜೀವನದಲ್ಲಿ ಗಣಿತವೂ ಯುದ್ಧವೂ ಕಾಯಿದೆಯೂ ಕೂಡಿವೆ. ಇದನ್ನು ತಿಳಿದ ಹುಡುಗನಿಗೆ ಚರಿತ್ರೆಯ ಪಾಠವು ಕೆಡುವುದೆ?

ಬೇರೆ ದೇಶಗಳೂ ಈ ದಾರಿಯನ್ನು ಹಿಡಿದವು. ಹಂಗೆರಿಯಲ್ಲಿ ೨೦೧೩ರ ಫೆಬ್ರವರಿಯಲ್ಲಿಯೂ, ಬರ್ಲಿನ್ ನಗರದಲ್ಲಿ ೨೦೧೪ರಲ್ಲಿಯೂ ಇಂತಹ ತಿಂಗಳು ಆರಂಭವಾಯಿತು. ಆದರೆ ಒಮ್ಮೆ ತೆರೆದ ಪುಟವು ತೆರೆದೇ ಇರುವುದೆಂದು ನಂಬುವಂತಿಲ್ಲ. ಅದೇ ಹಂಗೆರಿಯ ಸಂಸತ್ತು ೨೦೨೧ರ ಜೂನ್ ತಿಂಗಳಲ್ಲಿ, ಹದಿನೆಂಟು ವರ್ಷ ತುಂಬದವರಿಗೆ ಈ ವಿಷಯವನ್ನು ತೋರಿಸುವುದನ್ನೂ ಹೇಳುವುದನ್ನೂ ನಿರ್ಬಂಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅಮೆರಿಕಾದ ಫ್ಲಾರಿಡಾ ಸಂಸ್ಥಾನವು ೨೦೨೨ರಲ್ಲಿ ಕೆಳಗಿನ ತರಗತಿಗಳ ಪಾಠಕ್ಕೆ ಇಂತಹುದೇ ಕಟ್ಟನ್ನು ಹಾಕಿತು. ೨೦೨೫ರ ಫೆಬ್ರವರಿಯಲ್ಲಿ ಆ ದೇಶದ ರಾಷ್ಟ್ರೀಯ ಉದ್ಯಾನಗಳ ಇಲಾಖೆಯು ಸ್ಟೋನ್‌ವಾಲ್ ಸ್ಮಾರಕದ ವಿವರಣೆಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಶಬ್ದವನ್ನು ಅಳಿಸಿ, ಈ ಜನರ ಹೆಸರನ್ನು ಮೂರಕ್ಷರಕ್ಕೆ ಇಳಿಸಿತು. ಬರ್ಲಿನ್ನಿನ ಚೌಕದಲ್ಲಿ ಪುಸ್ತಕಗಳನ್ನು ಸುಡಲು ಬೆಂಕಿ ಬೇಕಾಗಿತ್ತು. ಅಕ್ಷರಗಳನ್ನು ತೆಗೆಯಲು ಬೆಂಕಿಯೂ ಬೇಕಾಗಲಿಲ್ಲ.

ಈ ಆಚರಣೆಗೆ ಬರುವ ಆಕ್ಷೇಪಣೆಗಳನ್ನೂ ವಿಚಾರಿಸುವುದು ನ್ಯಾಯ. ಚಿಕ್ಕ ಮಕ್ಕಳಿಗೆ ಇದೆಲ್ಲ ಏಕೆ ಎನ್ನುತ್ತಾರೆ ಕೆಲವರು. ವಯಸ್ಸಿಗೆ ತಕ್ಕಂತೆ ಪಾಠವನ್ನು ಅಳೆದು ಕೊಡುವುದು ಉಪಾಧ್ಯಾಯನ ನಿತ್ಯದ ಕೆಲಸ. ಯುದ್ಧದ ಪಾಠವನ್ನು ಹೇಳುವಾಗ ನಾವು ರಣರಂಗದ ಎಲ್ಲ ಘೋರವನ್ನೂ ಬಣ್ಣಿಸುತ್ತೇವೆಯೆ? ಹಾಗೆಯೇ ಇಲ್ಲಿಯೂ ಕಲಿಸತಕ್ಕದ್ದು ಕಾಯಿದೆ, ದುಡಿಮೆ, ಧೈರ್ಯ, ಅನ್ಯಾಯ ಇವುಗಳ ಚರಿತ್ರೆಯನ್ನು.

ಎರಡನೆಯ ಆಕ್ಷೇಪಣೆ ವಿದ್ವಾಂಸರದು. ಇಂದಿನ ಹೆಸರುಗಳನ್ನು ಹಿಂದಿನವರಿಗೆ ಅಂಟಿಸುವುದು ಸರಿಯೆ ಎಂದು ಅವರು ಕೇಳುತ್ತಾರೆ. ಇದರಲ್ಲಿ ತಿರುಳುಂಟು. ಸಲಿಂಗಪ್ರೇಮವನ್ನು ಸೂಚಿಸುವ ಹೋಮೋಸೆಕ್ಷುಯಲ್ ಎಂಬ ಶಬ್ದವನ್ನೇ ಕೆರ್ಟ್‌ಬೆನಿ ಎಂಬ ಹಂಗೆರಿಯ ಬರಹಗಾರರು ಸೃಷ್ಟಿಸಿದರು. ಅದು ಮೊದಲು ಅಚ್ಚಾದದ್ದು ೧೮೬೯ರಲ್ಲಿ. ಅದಕ್ಕೂ ಹಿಂದೆ ಬಾಳಿದವರು ತಮ್ಮನ್ನು ಆ ಹೆಸರಿನಿಂದ ಕರೆದುಕೊಂಡಿರಲಾರರು. ಆದುದರಿಂದ ಆಧಾರವು ಎಷ್ಟನ್ನು ಹೇಳುವುದೋ ಅಷ್ಟನ್ನೇ ಹೇಳಬೇಕು. ಕೆಲವರ ವಿಷಯದಲ್ಲಿ ಪತ್ರಗಳಿವೆ, ಕೆಲವರ ವಿಷಯದಲ್ಲಿ ನ್ಯಾಯಾಲಯದ ಕಡತಗಳಿವೆ, ಮತ್ತೆ ಕೆಲವರ ವಿಷಯದಲ್ಲಿ ಊಹೆ ಮಾತ್ರ ಉಂಟು. ಈ ಮೂರನ್ನೂ ಬೇರೆಬೇರೆಯಾಗಿ ಇಡುವುದನ್ನು ಕಲಿತ ವಿದ್ಯಾರ್ಥಿಯು ಎಲ್ಲ ಚರಿತ್ರೆಯನ್ನೂ ಚೆನ್ನಾಗಿ ಓದಬಲ್ಲನು.

ಮೂರನೆಯದು ನಮಗೆಲ್ಲ ಪರಿಚಿತವಾದ ದೋಷ. ಮಹನೀಯರ ಚಿತ್ರಗಳಿಗೆ ಮಾಲೆ ಹಾಕಿ, ಭಾಷಣ ಮಾಡಿ, ಮರುದಿನ ಎಲ್ಲವನ್ನೂ ಮರೆತುಬಿಡುವುದು. ಒಂದು ತಿಂಗಳ ಗದ್ದಲವು ಹನ್ನೊಂದು ತಿಂಗಳ ಮೌನಕ್ಕೆ ನೆಪವಾದರೆ ಆಚರಣೆಯು ವ್ಯರ್ಥ. ತನ್ನ ವಾರವು ಅನಾವಶ್ಯಕವಾಗುವ ಕಾಲವು ಬರಲೆಂಬುದೇ ವುಡ್‌ಸನ್ನರ ಹಾರೈಕೆಯೂ ಆಗಿತ್ತು. ಸ್ಕಾಟ್ಲೆಂಡ್ ದೇಶವು ೨೦೨೧ರಿಂದ ಈ ವಿಷಯವನ್ನು ಇಡೀ ಪಾಠಕ್ರಮದಲ್ಲಿ ಹೆಣೆಯುವ ಕೆಲಸಕ್ಕೆ ಕೈಹಾಕಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಇದೆಲ್ಲ ದೂರದೇಶದ ಮಾತೆಂದು ವಾಚಕರು ತಿಳಿಯಬಾರದು. ೧೮೬೦ರಲ್ಲಿ ಆಂಗ್ಲರು ನಮಗೆ ಮಾಡಿಕೊಟ್ಟ ದಂಡಸಂಹಿತೆಯ ೩೭೭ನೆಯ ಕಲಮು ಇಂತಹ ಸಂಬಂಧಗಳನ್ನು ಅಪರಾಧವಾಗಿಸಿತು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಹಿಜಡಾ ಜನರ ಹೆಸರುಗಳನ್ನು ಪೊಲೀಸರು ಪಟ್ಟಿಮಾಡುವಂತೆ ವಿಧಿಸಿತು. ಇಂಗ್ಲೆಂಡಿನಲ್ಲಿ ೧೯೬೭ರಲ್ಲಿಯೇ ಕಾಯಿದೆಯು ಸಡಿಲವಾಯಿತು. ಅವರು ನಮಗೆ ಬಿಟ್ಟುಹೋದ ಕಲಮು ಮಾತ್ರ ಇನ್ನೂ ಐವತ್ತೊಂದು ವರ್ಷ ಉಳಿಯಿತು. ದಿಲ್ಲಿಯ ಉಚ್ಚ ನ್ಯಾಯಾಲಯವು ೨೦೦೯ರಲ್ಲಿ ಅದನ್ನು ಕುಗ್ಗಿಸಿತು. ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಮತ್ತೆ ನಿಲ್ಲಿಸಿತು. ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಮೂರ್ತಿಗಳ ಪೀಠವು, ಪ್ರಾಯಕ್ಕೆ ಬಂದವರು ಒಪ್ಪಿ ನಡೆಸುವ ಸಂಬಂಧವು ಅಪರಾಧವಲ್ಲವೆಂದು ತೀರ್ಮಾನಿಸಿತು. ಈ ಜನರಿಗೂ ಅವರ ಕುಟುಂಬಗಳಿಗೂ ಚರಿತ್ರೆಯು ಕ್ಷಮೆ ಕೇಳಬೇಕಾಗಿದೆ ಎಂಬ ಅಭಿಪ್ರಾಯವನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಆ ತೀರ್ಪಿನಲ್ಲಿ ಬರೆದರು. ಚರಿತ್ರೆಯು ಕ್ಷಮೆ ಕೇಳಬೇಕಾದರೆ ಮೊದಲು ಅದು ನಡೆದುದನ್ನು ಹೇಳಬೇಡವೆ?

ನಮ್ಮ ದೇಶದಲ್ಲಿ ಶಾಲೆಗಳಿಗೆಂದು ಗೊತ್ತಾದ ಚರಿತ್ರೆಯ ತಿಂಗಳು ಇಲ್ಲ. ಆದರೆ ಸಾಮಗ್ರಿಯು ನಮ್ಮ ಸುತ್ತಲೂ ಇದೆ. ಹೊಸೂರು, ತಾಳವಾಡಿ, ನೀಲಗಿರಿಗಳಿರುವ ತಮಿಳುನಾಡು ೨೦೦೮ರಲ್ಲಿ ಲಿಂಗಪರಿವರ್ತಿತರ ಕ್ಷೇಮಕ್ಕಾಗಿ ಮಂಡಳಿಯನ್ನು ರಚಿಸಿತು. ಅಲ್ಲಿ ಏಪ್ರಿಲ್ ೧೫ನ್ನು ಅವರ ದಿನವಾಗಿ ಆಚರಿಸುತ್ತಾರೆ. ಕಾಸರಗೋಡು, ವಯನಾಡುಗಳಿರುವ ಕೇರಳವು ೨೦೧೫ರಲ್ಲಿ ಅವರಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. ಕರ್ನಾಟಕವು ೨೦೨೧ರಲ್ಲಿ ಸರಕಾರಿ ಕೆಲಸಗಳಲ್ಲಿ ಶೇಕಡ ಒಂದರ ಮೀಸಲಾತಿಯನ್ನು ಕೊಟ್ಟಿತು. ಆದವಾನಿ, ರಾಯದುರ್ಗದವರಿಗೆ ನೆರೆಯ ಜಿಲ್ಲೆಯಾದ ಬಳ್ಳಾರಿಯಿಂದ ಬಂದ ಮಂಜಮ್ಮ ಜೋಗತಿಯವರು ಯಲ್ಲಮ್ಮನ ಸೇವೆಯ ಜೋಗತಿ ಕಲೆಯನ್ನು ಉಳಿಸಿ ಬೆಳೆಸಿದವರು. ಅವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಈ ಜನರ ಪತ್ರಗಳನ್ನೂ ದಾಖಲೆಗಳನ್ನೂ ಕೂಡಿಡುವ ಕ್ವಾಮ್ರಾ ಎಂಬ ಭಂಡಾರವಿದೆ.

ಇಷ್ಟಿದ್ದರೂ ಶಾಲೆಯ ಬಾಗಿಲಲ್ಲಿ ನಾವು ತಡೆಯುತ್ತೇವೆ. ೨೦೨೧ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯು, ಲಿಂಗಪರಿವರ್ತಿತ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂಬುದನ್ನು ಕುರಿತು ಉಪಾಧ್ಯಾಯರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿತು. ಆಕ್ಷೇಪಣೆಗಳು ಬಂದೊಡನೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಬ್ರಿಟನ್ನಿನ ೨೮ನೆಯ ಕಲಮಿನಂತಹ ಕಾಯಿದೆಯು ನಮ್ಮಲ್ಲಿ ಇರಲಿಲ್ಲ; ಅದರ ಮೌನವು ಮಾತ್ರ ಇದ್ದೇ ಇದೆ.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಈ ವಿಷಯವು ಮನಸ್ಸಿಗೆ ತಟ್ಟುವುದಕ್ಕೆ ವಿಶೇಷ ಕಾರಣವುಂಟು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗೆರೆಯ ಆಚೆಗೆ ಉಳಿದವರು ನಾವು. ಒಂದು ಮಗು ಪಠ್ಯಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ತನ್ನ ಮಾತನ್ನಾಡಿದವರು, ತನ್ನ ಊರಿನಂತಹ ಊರಿನಲ್ಲಿ ಬಾಳಿದವರು ಒಬ್ಬರೂ ಅದರಲ್ಲಿಲ್ಲವೆಂಬುದನ್ನು ಕಂಡರೆ ಅದರ ಮುಖವು ಹೇಗಾಗುವುದೆಂಬುದನ್ನು ನಾವು ಬಲ್ಲೆವು. ಆದರೂ ಆ ಮಗು ಸಂಜೆ ಮನೆಗೆ ಹೋದರೆ ಅಲ್ಲಿ ಕನ್ನಡವಿದೆ, ಕನ್ನಡದ ಅಜ್ಜಿಯಿದ್ದಾಳೆ. ನಾವು ಇಲ್ಲಿ ಹೇಳುತ್ತಿರುವ ಮಗುವಿಗೆ ಆ ಆಶ್ರಯವಿಲ್ಲ. ಶಾಲೆಯಲ್ಲಿ ಅದನ್ನು ಅಡ್ಡಹೆಸರಿಟ್ಟು ಕೂಗುತ್ತಾರೆ. ಮನೆಯಲ್ಲಿ ಅದರ ತಂದೆತಾಯಿಗಳೂ ಬಲುಮಟ್ಟಿಗೆ ಅದರಂಥವರಲ್ಲ. ತನ್ನ ಹಾಗೆ ಇನ್ನೊಬ್ಬರು ಲೋಕದಲ್ಲಿ ಹುಟ್ಟಿಯೇ ಇಲ್ಲವೆಂದು ಅದು ತಿಳಿದುಕೊಂಡರೆ ಆಶ್ಚರ್ಯವೇನು? ರಕ್ತದಿಂದ ಬರುವ ಚರಿತ್ರೆಯನ್ನು ಮನೆಯು ಕಾಪಾಡುತ್ತದೆ. ರಕ್ತದಿಂದ ಬಾರದ ಚರಿತ್ರೆಯನ್ನು ಶಾಲೆ, ಗ್ರಂಥಾಲಯ, ದಾಖಲೆಯ ಭಂಡಾರ ಇವುಗಳೇ ಕಾಪಾಡಬೇಕು. ಆದುದರಿಂದಲೇ ಬರ್ಲಿನ್ನಿನ ಪುಸ್ತಕಗಳು ಉರಿದದ್ದು ಅಷ್ಟು ದೊಡ್ಡ ನಷ್ಟವಾಯಿತು. ಆದುದರಿಂದಲೇ ಮಿಸ್ಸೂರಿಯಲ್ಲಿಯೂ ಲಂಡನ್ನಿನಲ್ಲಿಯೂ ಈ ಕೆಲಸಕ್ಕೆ ಮುಂದಾದವರು ಉಪಾಧ್ಯಾಯರೇ ಆದರು.

ನಾವು ಮಾಡಬಹುದಾದದ್ದು ಬಹಳವೇನೂ ಅಲ್ಲ. ಆಟದ ಬಯಲಿನಲ್ಲಿ ಒಬ್ಬ ಹುಡುಗನ ನಡೆಯನ್ನೋ ದನಿಯನ್ನೋ ಹಿಡಿದು ಇತರರು ಹಂಗಿಸುವಾಗ ಕೇಳಿಸದವರಂತೆ ಇರದೆ ಆ ಮಾತನ್ನು ತಡೆಯಬಹುದು. ಗಣಕಯಂತ್ರದ ಪಾಠ ಬಂದಾಗ ಟ್ಯೂರಿಂಗರ ಕೆಲಸದೊಡನೆ ಅವರಿಗೆ ಆದ ಅನ್ಯಾಯವನ್ನೂ ಎರಡು ವಾಕ್ಯಗಳಲ್ಲಿ ಹೇಳಬಹುದು. ಜಾನಪದ ಕಲೆಗಳ ಪಾಠದಲ್ಲಿ ಮಂಜಮ್ಮನವರ ಹೆಸರನ್ನು ಗೌರವದಿಂದ ಎತ್ತಬಹುದು. ಹಿಂದಿನ ಬೆಂಚಿನಲ್ಲಿ ಕುಳಿತು ಯಾರೊಡನೆಯೂ ಮಾತನಾಡದ ಮಗುವೊಂದು ಆ ಎರಡು ವಾಕ್ಯಗಳನ್ನು ಕೇಳಿಸಿಕೊಳ್ಳಬಹುದು. ಅದು ಕೈಯೆತ್ತಿ ಏನನ್ನೂ ಕೇಳಲಾರದು. ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆಯೂ ಬಾರದು. ಆದರೆ ತನಗೂ ಹಿಂದಿನವರಿದ್ದರೆಂಬ ಸುದ್ದಿಯು ಅದಕ್ಕೆ ತಲುಪಿರುತ್ತದೆ. ಅಷ್ಟು ತಲುಪಿದರೆ ಚರಿತ್ರೆಯ ಪಾಠವು ತನ್ನ ಕೆಲಸವನ್ನು ಮಾಡಿತೆಂದು ನಾವು ಭಾವಿಸುತ್ತೇವೆ.